ಮಠಾಧಿಪತಿಯ ಕೊರಳಿನ ಕೀಲಿಕೈ

ಶವದ ಎದೆ ಒರೆಸುತ್ತಿದ್ದ, ಮಠದ ಔಷಧಿ ನೋಡಿಕೊಳ್ಳುವ ಹಾಟೊನ ಕೈಗೆ ದಾರವೊಂದು ತೊಡರಿತು. ದಾರದಲ್ಲಿ ಕೀಲಿಕೈ. ಅಂಗೈಯಲ್ಲಿ ಮುಚ್ಚುವಷ್ಟರಲ್ಲಿ ಗಿಸೊ ನೋಡಿಬಿಟ್ಟಿದ್ದ. ಮಠದಲ್ಲಿ ಎರಡನೆಯ ಹಿರಿಯನಾದ ಅವನ ಕಣ್ಣು ಎಂಥದೆಂದರೆ, ಬೆಟ್ಟದಾಚೆಯ ಬಿಷಪ್ಪರ ಗಡ್ಡದಲ್ಲಿ ಹೇನು ಹರಿದರೂ ಅದು ಗಂಡೋ ಹೆಣ್ಣೋ ಹೇಳುತ್ತಿದ್ದ.

ಸತ್ತವರು ಅಂತಿಂಥವರಲ್ಲ, ನಮ್ಮ ಮಠಾಧಿಪತಿ ವೋಲ್ಮಾರ್. ಹೇಸರಗತ್ತೆಯಿಂದ ಕೆಳಗಿಳಿಯದೆ ಏಳು ಯುದ್ಧ ನಿಲ್ಲಿಸಿದವರು. ಅವರು ಕೆಮ್ಮಿದರೆ ಮೂವರು ರಾಜರು ಕಂಬಳಿ ಕಳಿಸುತ್ತಿದ್ದರು. ಅವರ ರೊಟ್ಟಿ ತಿಂದ ಕವಿಗಳ ಭಾರಕ್ಕೆ ಊಟದ ಮನೆಯ ಬೆಂಚುಗಳು ಬಿಲ್ಲಿನಂತೆ ಬಾಗಿದ್ದವು.

ಆದರೆ ನೇಮ ನೇಮವೇ. ಸನ್ಯಾಸಿಗೆ ಸ್ವಂತದ್ದೆಂಬುದು ಕೂಡದು: ಪುಸ್ತಕ ಕೂಡದು, ಬರೆಯುವ ಹಲಗೆ ಕೂಡದು, ಬರೆಯುವ ಕಡ್ಡಿಯೂ ಕೂಡದು. ಸತ್ತವನು ಬಚ್ಚಿಟ್ಟದ್ದೇನಾದರೂ ಸಿಕ್ಕರೆ ಅವನನ್ನು ಪ್ರಾರ್ಥನೆಯಿಲ್ಲದೆ ಗೋಡೆಯಾಚೆ, ತಿಪ್ಪೆಯ ಪಕ್ಕ ಹೂಳಬೇಕು.

ಮಂಚದಡಿಯ ಪೆಟ್ಟಿಗೆಯನ್ನು ಗಿಸೊ ಆ ಕೀಲಿಕೈಯಿಂದ ತೆರೆದ. ಒಳಗಿದ್ದದ್ದು ಮೇಣ ಬಳಿದ ಬರೆಯುವ ಹಲಗೆ, ಒಂದು ಕಡ್ಡಿ. ಮೇಣದ ಮೇಲೆ ಕುಡಿದ ಕೋಳಿ ನಡೆದಂಥ ಅಕ್ಷರ: ಪುದೀನ, ಸಬ್ಬಸಿಗೆ, ಸೋಂಪು.

"ಗುಪ್ತ ಸಂದೇಶ ಇರಬೇಕು," ಅಂದ ಎರ್ಕನ್. ಹನ್ನೊಂದು ವರ್ಷದಿಂದ ಮಠದಲ್ಲೇ ಉಂಡು ಮಲಗುತ್ತಿದ್ದ ಕವಿ, ಶೋಕಗೀತೆಗೆ ಸಾಲು ಹುಡುಕಿಕೊಂಡು ಬಂದಿದ್ದ.

"ಏನಾದ್ರೂ ಇರಲಿ. ಸ್ವಂತ ಸ್ವತ್ತು." ಗಿಸೊ ಹಲಗೆಯನ್ನು ಕೈಗೆತ್ತಿಕೊಂಡ. "ಬಿಷಪ್ಪರು ಬರೋದ್ರೊಳಗೆ ಗೋಡೆ ಆಚೆ ಗುಂಡಿ ತೋಡಿಸ್ತೀನಿ. ನಂಗೇನು ಇಷ್ಟಾನಾ ಹಾಟೊ?"

ಹಾಟೊ ಬಾಯಿ ಬಿಡಲಿಲ್ಲ. ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದ.

*

ನಾಲ್ಕು ಚಳಿಗಾಲದ ಹಿಂದೆ, ಅರಮನೆಯಿಂದ ಮರಳಿದ ಸಂಜೆ, ವೋಲ್ಮಾರ್ ಔಷಧಿ ಕೋಣೆಗೆ ಬಂದು ಭರಣಿಯೊಂದನ್ನು ತೋರಿಸಿದ್ದರು.

"ಇದರ ಮೇಲೆ ಏನು ಬರ್ದಿದೀಯ?"

"ಪುದೀನ ಅಂತ, ಅಪ್ಪನವರೇ."

"ಅದರಲ್ಲಿ ಮೊದಲನೇದು ಯಾವ ಅಕ್ಷರ?"

ಹಾಟೊ ನಗಲು ಹೋಗಿ, ಆ ಮುಖ ನೋಡಿ ನಿಲ್ಲಿಸಿದ. ನಲವತ್ತರ ತನಕ ಕತ್ತಿ ಹಿಡಿದಿದ್ದ ಕೈ ಅದು. ಕೀರ್ತನೆಗಳನ್ನೆಲ್ಲ ಕಿವಿಯಿಂದಲೇ ಕುಡಿದು ಕಂಠಪಾಠ ಮಾಡಿದ್ದವರು. ಕಾವ್ಯ ಕೇಳುವಾಗ ಕಣ್ಣು ಮುಚ್ಚಿ, ಸಾಲು ಕುಂಟಿದಲ್ಲಿ ಬೆರಳೆತ್ತುತ್ತಿದ್ದವರು.

"ಇಲ್ಲಿ ಗುರು ನೀನು," ಎಂದು ಆ ಮುದುಕರು ನೆಲಕ್ಕೆ ಮೊಣಕಾಲೂರಿದರು. "ಕಲಿಯೋಕೆ ಅಪ್ಪಣೆ ಕೊಡು. ಯಾರಿಗೂ ಹೇಳಬೇಡ."

*

ಗೋಡೆಯಾಚೆ ಗುದ್ದಲಿಯ ಮೊದಲ ಸದ್ದು ಕೇಳಿತು.

"ಹಲಗೆ ಅವರದ್ದಲ್ಲ," ಅಂದುಬಿಟ್ಟ ಹಾಟೊ. "ಔಷಧಿ ಕೋಣೇದು. ಪಾಠಕ್ಕೆ ಅಂತ ನಾನೇ ಕೊಟ್ಟಿದ್ದೆ. ಅಪ್ಪನವರಿಗೆ ಓದು ಬರ್ತಿರಲಿಲ್ಲ ಅಯ್ಯಾ. ಸೋಂಪಿನ ತನಕ ಬಂದಿದ್ರು."



"ಅಯ್ಯೋ ದೇವರೇ," ಅಂದ ಎರ್ಕನ್ ಮೆಲ್ಲಗೆ. "ನನ್ನ ಕಾವ್ಯ ಕೈಗೆ ಕೊಟ್ಟಾಗೆಲ್ಲ ತಲೆಕೆಳಗಾಗಿ ಹಿಡೀತಿದ್ರು. ನಾನು ಅದನ್ನ ವಿಮರ್ಶೆ ಅಂದ್ಕೊಂಡು ಮೂರು ಸಲ ತಿದ್ದಿ ಬರ್ದೆ."

ಗಿಸೊ ನಗಲಿಲ್ಲ. ಇಪ್ಪತ್ತು ವರ್ಷ ರಾಜರ ಓಲೆಗಳನ್ನೆಲ್ಲ ಅವರಿಗೆ ಓದಿ ಹೇಳಿದವನು ಅವನೇ. ಮುದುಕರ ಕಣ್ಣು ಮಂಜಾಗಿದೆ ಎಂದು ನಂಬಿದ್ದ.

"ಗುಂಡಿ ಮುಚ್ಚಿಸು," ಎಂದು ಹಲಗೆಯನ್ನು ಹಾಟೊನ ಕೈಗಿಟ್ಟ. "ಇದನ್ನ ಎಲ್ಲಿಂದ ತಂದ್ಯೋ ಅಲ್ಲೇ ಇಡು."

ಮಧ್ಯಾಹ್ನ ಮಠದ ಅಂಗಳದೊಳಗೇ ಹೂಳಿದರು. ಇಬ್ಬರು ಬಿಷಪ್ಪರು, ಕವಿಗಳ ದಂಡು, ಹೊಳೆಯಾಚೆ ತನಕ ಜನ. ಅವರ ಕಣ್ಣೀರಿಗೆ ಗಿರಣಿಯ ಚಕ್ರ ತಿರುಗಿತು. ಗಿಸೊ ತಾನು ಹಿಂದಿನ ದಿನ ಬರೆದಿದ್ದ ಚರಮಶ್ಲೋಕವನ್ನು ಬಿಚ್ಚಿ, ಈ ರಾಜ್ಯದಲ್ಲಿ ಇವರಷ್ಟು ಓದಿದವರು ಹುಟ್ಟಿಲ್ಲವೆಂದು ಮೊದಲಾಗಿ, ಒಂದು ಪದವೂ ತಪ್ಪದೆ ಕೊನೆತನಕ ಗಟ್ಟಿಯಾಗಿ ಹೇಳಿದ.

ಹಿಂದೆ ನಿಂತಿದ್ದ ಹಾಟೊಗೆ ಮಾತ್ರ ಕಂಡಿತು: ಗಿಸೊನ ಕೈಯಲ್ಲಿ ಚರ್ಮದ ಹಾಳೆ ತಲೆಕೆಳಗಾಗಿತ್ತು.