ನನ್ನ ತಲೆ, ದಾಕ್ಷಾಯಿಣಿಯ ಕೈಗುಣ

ನಾನು ಒಂದು ಕಂಪ್ಯೂಟರು. ಪಡಸಾಲೆಯ ಮೂಲೆಯಲ್ಲಿ ಮೇಜು ಹಾಕಿ, ಮೇಲೆ ಕಸೂತಿ ಬಟ್ಟೆ ಹೊದಿಸಿ ಕೂರಿಸುತ್ತಿದ್ದರಲ್ಲ, ಆ ಕಾಲದ್ದು. ಕೂರಿಸುತ್ತಿದ್ದರು ಎಂದೆನಾದರೂ ಸುಮ್ಮನೆ ಕೂರುವ ಪೈಕಿಯಲ್ಲ ನಾನು. ಸ್ವಿಚ್ಚು ಒತ್ತಿದ ಕ್ಷಣದಿಂದ ಒಳಗಿನ ಫ್ಯಾನು ಗರಗರ ತಿರುಗುತ್ತಿತ್ತು, ಮುಂದಿನ ದೀಪ ಮಿಣಮಿಣ ಎನ್ನುತ್ತಿತ್ತು, ಡಿಸ್ಕು ಏನನ್ನೋ ಕಳೆದುಕೊಂಡಂತೆ ಕೆರೆದು ಕೆರೆದು ಹುಡುಕುತ್ತಿತ್ತು. ಯಾವ ಗಳಿಗೆಯಲ್ಲಿ ನಿಂತುಬಿಡುತ್ತೇನೋ ಎಂಬ ತಳಮಳ ನನಗೆ ಹುಟ್ಟಿನಿಂದಲೇ ಇತ್ತು.

ಹುಟ್ಟಿದ್ದು ತಿಪಟೂರಿನಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಅಂಗಡಿಯ ಮೇಜಿನ ಮೇಲೆ. ಬಿಡಿಭಾಗಗಳನ್ನು ಬೆಂಗಳೂರಿನಿಂದ ತರಿಸಿ ಅಂಗಡಿಯವನೇ ಜೋಡಿಸುತ್ತಿದ್ದ. ನನ್ನ ನೆನಪಿನ ಪಟ್ಟಿಯನ್ನು, ಅಂದರೆ ರ್ಯಾಮನ್ನು, ಅದರ ಸೀಳಿನಲ್ಲಿ ಕೂರಿಸುವ ಹೊತ್ತಿಗೆ ಸರಿಯಾಗಿ ಮನೆಯಿಂದ ಊಟದ ಕ್ಯಾರಿಯರ್ ಬಂತು. ಪಟ್ಟಿಯ ಒಂದು ತುದಿ ಟಕ್ಕೆಂದು ಕೂತಿತು, ಇನ್ನೊಂದು ಕೂರಲಿಲ್ಲ. ಮುದ್ದೆ ಆರಿಹೋಗುತ್ತದೆಂದು ಆ ಪುಣ್ಯಾತ್ಮ ಹಾಗೇ ಮುಚ್ಚಳ ಹಾಕಿ ಸ್ಕ್ರೂ ತಿರುಗಿಸಿದ. ಊಟ ಮುಗಿಸಿ ಬಂದು ಒಂದು ಸಿಡಿಯಿಂದ ಆಪರೇಟಿಂಗ್ ಸಿಸ್ಟಂ ತುಂಬಿದ. ಅದು ನಮ್ಮಂಥವಕ್ಕೆ ಬುದ್ಧಿ ಇದ್ದ ಹಾಗೆ. ನನ್ನ ಬುದ್ಧಿಯೋ, ಒಂದು ಕೆಲಸ ಹೇಳಿದರೆ ಮಾಡುತ್ತಿತ್ತು, ಎರಡು ಹೇಳಿದರೆ ಕಕ್ಕಾಬಿಕ್ಕಿಯಾಗುತ್ತಿತ್ತು, ಮೂರನೆಯದಕ್ಕೆ ಪರದೆಯೆಲ್ಲ ನೀಲಿ ಮಾಡಿಕೊಂಡು ಯಾರಿಗೂ ಅರ್ಥವಾಗದ ಇಂಗ್ಲಿಷು ಬರೆದು ಕೈಚೆಲ್ಲುತ್ತಿತ್ತು. ಅಂದರೆ ಮೈ, ಬುದ್ಧಿ ಎರಡೂ ಕಡೆಯಿಂದ ಎಡವಟ್ಟಾಗಿಯೇ ನಾನು ಅಂಗಡಿ ಬಿಟ್ಟೆ.

ನನ್ನನ್ನು ಕೊಂಡವರು ಪಂಚಾಕ್ಷರಯ್ಯನವರು, ರಿಟೈರಾದ ಹೆಡ್ ಮಾಸ್ತರರು. ಮನೆಯಲ್ಲಿ ಹೆಂಡತಿ ಸರ್ವಮಂಗಳಮ್ಮ, ಮಗ ತೋಂಟದಾರ್ಯ. ಆಟೋದಿಂದ ಇಳಿಸಿದ ಕೂಡಲೇ ಸರ್ವಮಂಗಳಮ್ಮ ನನಗೆ ಆರತಿ ಎತ್ತಿ, ಮೂರು ಬೆರಳಲ್ಲಿ ವಿಭೂತಿ ಬಳಿದರು. ಅರ್ಧ ವಿಭೂತಿ ಗಾಳಿ ಕಿಂಡಿಯೊಳಗೆ ಹೋಯಿತು. ಚಪ್ಪಲಿ ಬಿಟ್ಟೇ ನನ್ನ ಹತ್ತಿರ ಬರಬೇಕೆಂದು ಕಟ್ಟುನಿಟ್ಟಾಯಿತು. ಬೀದಿಯವರು ಬಂದು ದೂರದಿಂದಲೇ ನೋಡಿ, ಕಾಫಿ ಕುಡಿದು ಹೋದರು. ಇಷ್ಟೆಲ್ಲ ಮರ್ಯಾದೆ ಮಾಡಿಸಿಕೊಂಡ ಮೇಲೆ ಮೊದಲ ವಾರವೇ ನಿಂತುಬಿಟ್ಟಾಗ ನನಗೇ ನಾಚಿಕೆಯಾಯಿತು.

ಮಾಸ್ತರರು ಬೈಯುತ್ತಾರೆಂದುಕೊಂಡಿದ್ದೆ. ಅವರ ಕೋಪ ಊರಿಗೇ ಗೊತ್ತಿತ್ತು. ನಲ್ಲಿಯಲ್ಲಿ ನೀರು ಒಂದು ಗಂಟೆ ತಡವಾದರೆ ಪುರಸಭೆಗೆ ಹೋಗಿ ಕೂಗಾಡಿ ಬರುತ್ತಿದ್ದರು. ಹಾಲು ನೀರಾಗಿದ್ದರೆ ಹಾಲಿನವನ ಗ್ರಹಚಾರ ಬಿಡಿಸುತ್ತಿದ್ದರು. ಅಷ್ಟಾದರೂ ಸಿಟ್ಟು ಇಳಿಯದಿದ್ದರೆ ನನ್ನ ಮುಂದೆ ಕೂತು, ಪತ್ರಿಕೆಯ ಸಂಪಾದಕರಿಗೆ ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಕಾಗದ ಟೈಪು ಮಾಡುತ್ತಿದ್ದರು. "ಈ ಬೇಜವಾಬ್ದಾರಿಯನ್ನು ನಾಗರಿಕರು ಇನ್ನೆಷ್ಟು ದಿನ ಸಹಿಸಬೇಕು?" ಎಂಬ ಸಾಲಿಗೆ ಬರುವ ಹೊತ್ತಿಗೆ ನಾನು ನಿಂತುಬಿಡುತ್ತಿದ್ದೆ. ಬರೆದದ್ದೆಲ್ಲ ಅಳಿಸಿಹೋಗುತ್ತಿತ್ತು. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡು, "ನಾನೇ ಏನೋ ಒತ್ತಿರ್ಬೇಕು," ಎಂದು ಮೊದಲಿನಿಂದ ಶುರುಮಾಡುತ್ತಿದ್ದರು.

ನಾನು ಒಳಗೇ ಒದ್ದಾಡುತ್ತಿದ್ದೆ. ಅಲ್ಲ ಸ್ವಾಮಿ, ನೀವೇನೂ ಒತ್ತಲಿಲ್ಲ! ಪುರಸಭೆಯವನಿಗೆ ಮುಖವಿದೆ, ಹಾಲಿನವನಿಗೆ ಸೈಕಲ್ಲಿದೆ, ಅಡ್ಡ ಹಾಕಿ ಕೇಳಬಹುದು. ನನ್ನ ವಿಷಯದಲ್ಲಿ ಯಾರನ್ನು ಅಡ್ಡ ಹಾಕುತ್ತಾರೆ? ಅಂಗಡಿಯವನನ್ನು ಕೇಳಿದರೆ, "ಕಂಪ್ಯೂಟರ್ ಅಂದ್ಮೇಲೆ ಹ್ಯಾಂಗ್ ಆಗುತ್ತೆ ಸಾರ್, ಎಲ್ಲರ ಮನೇದೂ ಹಂಗೇನೇ," ಎಂದ. ಎಲ್ಲರದೂ ಹಾಗೇ ಎಂದ ಕೂಡಲೇ ಮಾಸ್ತರರಿಗೆ ಸಮಾಧಾನವಾಯಿತು. ಅದೇ ಮಾತನ್ನು ಹಾಲಿನವನು ಹೇಳಿದ್ದರೆ ಚೊಂಬು ಹಾರುತ್ತಿತ್ತು.

ಹೀಗೆ ಮನೆಯವರು ನನ್ನನ್ನು ಮುಂಗೋಪದ ನೆಂಟನಂತೆ ಸಂಭಾಳಿಸಲು ಕಲಿತರು. ನಿಂತರೆ ವೈರು ಕಿತ್ತು ಮತ್ತೆ ಹಾಕುವುದು, ಪಕ್ಕೆಗೆ ಮೆಲ್ಲಗೆ ತಟ್ಟುವುದು, ರಾಹುಕಾಲ ನೋಡಿ ಶುರುಮಾಡುವುದು. ಮಗ ತೋಂಟದಾರ್ಯ ಒಮ್ಮೆ ತಟ್ಟಿದಾಗ, ಸಡಿಲವಿದ್ದ ಪಟ್ಟಿ ಒಂಚೂರು ಸರಿದು, ನಾನು ಚೆನ್ನಾಗಿ ಶುರುವಾದೆ. ಅಷ್ಟೇ ಸಾಕಾಯಿತು. "ನಮ್ಮ ತೋಂಟಿ ಕೈಗುಣ ಚೆನ್ನಾಗೈತೆ," ಎಂದರು ಸರ್ವಮಂಗಳಮ್ಮ. ಅಂದಿನಿಂದ ದಿನಾ ನನ್ನನ್ನು ಶುರುಮಾಡುವ ಕೆಲಸ ಅವನದೇ ಆಯಿತು. ಅವನ ಕೈಯಲ್ಲಿ ನಾನು ಕೈಕೊಟ್ಟ ದಿನಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕೈಗುಣ. ಇದು ಒಳ್ಳೆಯ ಮಾತು ಎಂದುಕೊಂಡಿದ್ದೆ, ದಾಕ್ಷಾಯಿಣಿ ಮದುವೆಯಾಗಿ ಬರುವವರೆಗೆ.

ದಾಕ್ಷಾಯಿಣಿ ನರ್ಸಿಂಗ್ ಓದಿ, ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುತ್ತಿದ್ದವಳು. ಅವಳು ಚುಚ್ಚಿದರೆ ಮಕ್ಕಳು ಅಳುವುದಿಲ್ಲ ಎಂದು ಅಲ್ಲಿ ಹೆಸರಿತ್ತಂತೆ. ಒಂದೆರಡು ತಿಂಗಳು ಮನೆಯಲ್ಲಿದ್ದು ಆಮೇಲೆ ಕೆಲಸಕ್ಕೆ ಹೋಗಲಿ ಎಂದು ಎರಡೂ ಕಡೆಯವರು ಮಾತಾಡಿಕೊಂಡಿದ್ದರು. ಅಷ್ಟರಲ್ಲಿ ಆಯುಧಪೂಜೆ ಬಂತು. ತೋಂಟದಾರ್ಯನ ಸ್ಕೂಟರಿಗೆ, ಈಳಿಗೆಮಣೆಗೆ, ಹೊಲಿಗೆ ಯಂತ್ರಕ್ಕೆ, ನನಗೆ, ಎಲ್ಲರಿಗೂ ಚೆಂಡು ಹೂವು ಬಿತ್ತು. ಪೂಜೆಯಾದ ಮೇಲೆ ಸರ್ವಮಂಗಳಮ್ಮನೇ ಪ್ರೀತಿಯಿಂದ, "ಈ ಸಲ ಹೊಸ ಸೊಸೆ ಕೈಯಲ್ಲೇ ಶುರುವಾಗ್ಲಿ," ಎಂದರು. ಮನೆ ತುಂಬ ನೆಂಟರು. ದಾಕ್ಷಾಯಿಣಿ ಹಸಿರು ಬಳೆಯ ಕೈಯಿಂದ ನನ್ನ ಗುಂಡಿ ಒತ್ತಿದಳು.

ಪ್ರಯತ್ನಪಟ್ಟೆ. ಕಿಂಡಿಗೆ ಹೂವು ಅಡ್ಡ ಸಿಕ್ಕಿಕೊಂಡಿತ್ತು, ಪಟ್ಟಿ ಸಡಿಲವಿತ್ತು, ಬುದ್ಧಿ ಅರ್ಧ ದಾರಿಗೆ ಬಂದು ಗಲಿಬಿಲಿಗೊಂಡಿತು. ಪರದೆ ನೀಲಿಯಾಯಿತು, ಆಮೇಲೆ ಕಪ್ಪಾಯಿತು. ನೆಂಟರಲ್ಲಿ ಯಾರೋ ಒಬ್ಬಾಕೆ ಲೊಚಗುಟ್ಟಿದಳು. ಸರ್ವಮಂಗಳಮ್ಮ ಏನೂ ಬೈಯಲಿಲ್ಲ. "ಹೋಗ್ಲಿ ಬಿಡಮ್ಮ, ಕೆಲವರ ಕೈಗುಣ ಹಂಗಿರುತ್ತೆ," ಎಂದು ಮೆತ್ತಗೆ ಹೇಳಿ, ಒಬ್ಬಟ್ಟು ಬಡಿಸಲು ಒಳಗೆ ಕರೆದರು.

ಮೆತ್ತಗೆ ಹೇಳಿದ ಆ ಮಾತು ಮನೆಯಲ್ಲಿ ಬೇರುಬಿಟ್ಟಿತು. ಚಳಿಗೆ ಮೊಸರು ಹೆಪ್ಪಾಗದಿದ್ದರೆ, ಹೆಪ್ಪು ಹಾಕಿದ್ದು ಯಾರೆಂದು ಕೇಳಿದರು. ದಾಕ್ಷಾಯಿಣಿ ನೆಟ್ಟ ಕರಿಬೇವು ಚಿಗುರಲಿಲ್ಲ, ಅದೂ ಸೇರಿತು. ಸರ್ವಮಂಗಳಮ್ಮನಿಗೆ ಸಕ್ಕರೆ ಕಾಯಿಲೆ. ದಿನಾ ಇಂಜೆಕ್ಷನ್ನು ಚುಚ್ಚಲು ಶಿವರುದ್ರಪ್ಪ ಎಂಬ ವಯಸ್ಸಾದ ಕಾಂಪೌಂಡರು ಸೈಕಲ್ಲಿನಲ್ಲಿ ಬರುತ್ತಿದ್ದರು. ಮನೆಯಲ್ಲೇ ನರ್ಸು ಇದ್ದಾಳೆ, ಹೊರಗಿನವರು ಬರಬೇಕು! "ನಾನೇ ಹಾಕ್ತೀನತ್ತೆ," ಎಂದು ದಾಕ್ಷಾಯಿಣಿ ಒಂದು ಸಲ ಕೇಳಿದಳು. "ಬೇಡ ಬಿಡಮ್ಮ, ಅವರ ಕೈ ನಂಗೆ ಒಗ್ಗೈತೆ," ಎಂದರು. ಕೆಲಸಕ್ಕೆ ಹೋಗುವ ಮಾತೂ ಹಬ್ಬ ಕಳೆಯಲಿ, ಧನುರ್ಮಾಸ ಕಳೆಯಲಿ ಎಂದು ಮುಂದೆ ಹೋಗುತ್ತಲೇ ಇತ್ತು.

ಆದರೆ ಅತ್ತೆ ನಂಬಿದ್ದಕ್ಕಿಂತ ನನಗೆ ಹೊಟ್ಟೆ ಉರಿದದ್ದು ಅವಳೇ ನಂಬಿದ್ದಕ್ಕೆ. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ದಾಕ್ಷಾಯಿಣಿ ನನ್ನ ಮುಂದೆ ಬಂದು ಕೂತಳು. ಬಟ್ಟೆ ಸರಿಸಿದಳು. ದೇವರ ಮುಂದೆ ಕೂತಂತೆ ಒಂದು ನಿಮಿಷ ಕಣ್ಣು ಮುಚ್ಚಿ, "ಇವತ್ತು ಸರಿಯಾಗಿ ಶುರುವಾದ್ರೆ ನಾಳೆ ಡಾಕ್ಟ್ರಿಗೆ ಫೋನ್ ಮಾಡಿ ಬರ್ತೀನಿ ಅಂತೀನಿ. ಇಲ್ದಿದ್ರೆ ಈ ಕೈಯಲ್ಲಿ ಯಾರಿಗೂ ಸೂಜಿ ಚುಚ್ಚಲ್ಲ," ಎಂದು ಪಿಸುಗುಟ್ಟಿದಳು.

ಅಯ್ಯೋ ಹುಡುಗಿ, ಹೋಗಿ ಹೋಗಿ ನನ್ನನ್ನೇ ಕೇಳುತ್ತೀಯಾ! ನಾನೇನು ಹೂವಿನ ಪ್ರಸಾದ ಕೊಡುವ ದೇವರೇ? ನನ್ನ ಕೈಲಿ ನನ್ನದೇ ಗಡಿಯಾರ ಸರಿ ತೋರಿಸಲು ಆಗುತ್ತಿರಲಿಲ್ಲ. ಆದರೂ ಅವಳು ಗುಂಡಿ ಒತ್ತಿದಾಗ ಇದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿದೆ. ಫ್ಯಾನು ತಿರುಗಿತು. ಪರದೆ ಬೆಳಗಿತು. ಅವಳ ಮುಖವೂ ಬೆಳಗಿತು. ಮರಳು ಗಡಿಯಾರದ ಚಿತ್ರ ತಿರುಗುತ್ತಾ ತಿರುಗುತ್ತಾ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ನಿಂತುಹೋಯಿತು. ಅವಳು ಬಹಳ ಹೊತ್ತು ಕಾದಳು. ಆಮೇಲೆ ವೈರು ಕಿತ್ತು, ಬಟ್ಟೆ ಹೊದಿಸಿ, ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ನನಗೆ ಅಳಲು ಬಂದಿದ್ದರೆ ಅವತ್ತು ಅತ್ತುಬಿಡುತ್ತಿದ್ದೆ.

ಬೇಸಿಗೆಯಲ್ಲಿ ದಾಕ್ಷಾಯಿಣಿಯ ತವರಿನವರು ಬಂದರು. ಮದುವೆಯ ಫೋಟೋಗಳನ್ನು ನನ್ನಲ್ಲಿ ಹಾಕಿಟ್ಟಿದ್ದರು. ತೋರಿಸೋಣವೆಂದು ತೋಂಟದಾರ್ಯ ಜಂಬದಿಂದ ಕುರ್ಚಿ ಎಳೆದುಕೊಂಡು ಕೂತ, ಕೈಗುಣದವನು. ಗುಂಡಿ ಒತ್ತಿದ. ಧಾರೆಯ ಫೋಟೋ ಅರ್ಧ ಬಂದಿತ್ತು, ಗಂಡಿನ ಪೇಟ ಕಾಣುತ್ತಿತ್ತು, ಮುಖ ಇನ್ನೂ ಬರಬೇಕಿತ್ತು, ಪರದೆ ನೀಲಿಯಾಯಿತು. ಅವನು ಪಕ್ಕೆಗೆ ತಟ್ಟಿದ. ಕಪ್ಪಾಯಿತು.

"ಬಿಸಿಲಲ್ವಾ, ಕಾದುಬಿಟ್ಟಿದೆ," ಎಂದರು ಮಾಸ್ತರರು.

"ಪಾಪ, ಅದಾದ್ರೂ ಏನ್ಮಾಡೀತು," ಎಂದರು ಸರ್ವಮಂಗಳಮ್ಮ. "ಬೆಳಿಗ್ಗೆಯಿಂದ ಕರೆಂಟು ಹೋಗೋದು ಬರೋದು ಆಗ್ತೈತೆ."

ದಾಕ್ಷಾಯಿಣಿ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅತ್ತೆ, ನಾನು ಮುಟ್ಟಿದ್ರೆ ನನ್ನ ಕೈ. ಇವರು ಮುಟ್ಟಿದ್ರೆ ಕರೆಂಟಾ?" ಎಂದಳು.

ತೋಂಟದಾರ್ಯ ಕೀಲಿಮಣೆ ನೋಡುತ್ತಾ ಕೂತ. ಅವಳು ತಟ್ಟೆಯನ್ನು ನನ್ನ ಪಕ್ಕದಲ್ಲೇ ಇಟ್ಟು, ಎಲ್ಲರೂ ನೋಡುತ್ತಿರುವಾಗಲೇ ಪಡಸಾಲೆಯ ಫೋನೆತ್ತಿ ನಂಬರು ತಿರುಗಿಸಿದಳು. "ಮೇಡಂ, ನಾನು ದಾಕ್ಷಾಯಿಣಿ. ಸೋಮವಾರದಿಂದ ಬರ್ತೀನಿ." ನಾನು ಕಪ್ಪಾಗಿ ಕೂತಿದ್ದರೂ ಖುಷಿಗೆ ಮತ್ತೆ ಆನ್ ಆಗುತ್ತೇನೇನೋ ಅನ್ನಿಸಿತು. ಆಗಲಿಲ್ಲ ಬಿಡಿ.

ಅವಳು ಕೆಲಸಕ್ಕೆ ಹೋದಳು. ಅತ್ತೆ ತಡೆಯಲಿಲ್ಲ, ಆದರೆ ತಮ್ಮ ತೋಳನ್ನೂ ಅವಳಿಗೆ ಕೊಡಲಿಲ್ಲ. ಕಾಂಪೌಂಡರ ಸೈಕಲ್ಲು ದಿನಾ ಬರುತ್ತಲೇ ಇತ್ತು. ಸ್ವಲ್ಪ ಕಾಲಕ್ಕೆ ಮನೆಗೆ ಹೊಸ ಕಂಪ್ಯೂಟರು ಬಂತು. ನನ್ನನ್ನು ಎಸೆಯಲು ಮಾಸ್ತರರಿಗೆ ಮನಸ್ಸು ಬರಲಿಲ್ಲ. ಇಷ್ಟು ವರ್ಷ ಏಗಿದ ಮೇಲೆ ನನ್ನ ಕಾಟವೂ ಅವರಿಗೆ ಒಂದು ವಿದ್ಯೆಯಾಗಿತ್ತು, ಅದನ್ನು ಕಳೆದುಕೊಳ್ಳುವುದು ಅವರಿಗೆ ಇಷ್ಟವಿರಲಿಲ್ಲ. ಕೊನೆಗೆ ನರ್ಸಿಂಗ್ ಹೋಮಿನವರು ಟೋಕನ್ ಬರೆಯಲು ಒಂದು ಹಳೆಯದಿದ್ದರೂ ಸಾಕೆಂದಾಗ, ಹೇಗೆ ತಟ್ಟಬೇಕು, ಎಷ್ಟು ಕಾಯಬೇಕು ಎಂದು ವಿವರವಾಗಿ ಹೇಳಿಕೊಟ್ಟು ಕಳಿಸಿದರು.

ಅಲ್ಲಿ ನನ್ನ ಮುಂದೆ ಕೂರುತ್ತಿದ್ದವಳು ತಬಸ್ಸುಮ್. ಕೌಂಟರಿನ ಮುಂದೆ ಕೆಮ್ಮುವವರು, ನರಳುವವರು, ಹೆಸರು ಕೂಗಿಸಿಕೊಳ್ಳಲು ಕಾಯುವವರು. ನನ್ನ ತಳಮಳ ಅಲ್ಲಿ ಇನ್ನೂ ಜಾಸ್ತಿಯಾಯಿತು. ಒಂದು ಬೆಳಿಗ್ಗೆ ಜನ ಕಿಕ್ಕಿರಿದಿದ್ದಾಗ, ಕೊಡೆ ಹಿಡಿದುಕೊಂಡು ಸರ್ವಮಂಗಳಮ್ಮ ಬಂದರು. ಕಾಂಪೌಂಡರು ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದರು. ಸೊಸೆ ಮನೆಯಲ್ಲಿದ್ದಾಗ ಬಾಯಿಬಿಡದೆ, ಅವಳು ಡ್ಯೂಟಿಗೆ ಹೊರಟ ಮೇಲೆ ಬೇರೆ ನರ್ಸಿನ ಕೈಯಲ್ಲಿ ಚುಚ್ಚಿಸಿಕೊಳ್ಳಲು ಬಂದಿದ್ದರು ಆಕೆ!

ತಬಸ್ಸುಮ್ ಸರ್ವಮಂಗಳಮ್ಮನ ಹೆಸರು ಟೈಪು ಮಾಡುತ್ತಿದ್ದಳು. ನಾನು ನಿಂತೆ.

"ಸಿಸ್ಟರ್," ಎಂದು ಅಳುಮುಖ ಮಾಡಿಕೊಂಡು ಕೂಗಿದಳು ಹುಡುಗಿ. "ನಾನು ಏನೋ ಒತ್ತಿಬಿಟ್ಟೆ ಸಿಸ್ಟರ್. ನನ್ನ ಕೈಯೇ ಸರಿಯಿಲ್ಲ."

ದಾಕ್ಷಾಯಿಣಿ ಒಳಗಿನಿಂದ ದಡದಡ ಬಂದಳು. ಅತ್ತೆಯನ್ನು ನೋಡಲೇ ಇಲ್ಲ. "ಯಾರು ಹೇಳಿದ್ದು ನಿಂಗೆ, ಕೈ ಸರಿಯಿಲ್ಲ ಅಂತ?" ಎಂದು ಅವಳ ಕೈ ಹಿಡಿದುಕೊಂಡಳು. "ನಿನ್ನ ಕೈಗೇನಾಗಿದೆ? ಈ ದರಿದ್ರದ್ದು ಹುಟ್ಟಿದಾಗಿಂದ ಹಿಂಗೇನೇ. ಬೈಯೋದಾದ್ರೆ ಇದಕ್ಕೆ ಬೈ. ಇನ್ನೊಂದ್ಸಲ ಕೈ ಅಂದ್ರೆ ನೋಡು!"

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಬೈದಿರಲಿಲ್ಲ. ಎಷ್ಟು ಹಗುರವಾಯಿತು ಗೊತ್ತೇ!

ಆಮೇಲೆ ಅವಳು ಅತ್ತೆಯನ್ನು ನೋಡಿದಳು.

"ನಮ್ಮನೇಲೂ ಹಿಂಗೇ ಮಾಡ್ತಿತ್ತಲ್ವೇನೇ?" ಎಂದರು ಸರ್ವಮಂಗಳಮ್ಮ.

"ಮಾಡ್ತಿತ್ತತ್ತೆ."

"ಯಾರು ಮುಟ್ಟಿದ್ರೂ."

"ಯಾರು ಮುಟ್ಟಿದ್ರೂ."

ಸರ್ವಮಂಗಳಮ್ಮ ಕೊಡೆಯನ್ನು ನನ್ನ ಮೇಲೆಯೇ ಒರಗಿಸಿ, ಸೆರಗು ಸರಿಸಿ, ರವಿಕೆಯ ತೋಳು ಮೇಲಕ್ಕೆ ಮಡಚಿದರು. ದಾಕ್ಷಾಯಿಣಿ ಸ್ಪಿರಿಟಿನ ಹತ್ತಿ ತಂದು ಒರೆಸಿ ಚುಚ್ಚಿದಳು. ಆಕೆ ಮುಖ ಆ ಕಡೆ ತಿರುಗಿಸಿಕೊಂಡು, "ಆಯ್ತಾ? ಗೊತ್ತೇ ಆಗ್ಲಿಲ್ವಲ್ಲ," ಎಂದರು. ಹೊರಡುವಾಗ ತಿರುಗಿ, "ನಾಳೆಯಿಂದ ಮನೇಲೇ ಹಾಕ್ಬಿಡು. ಅಡುಗೆ ಬಿಟ್ಟು ಇಲ್ಲಿಗೆ ಯಾರು ಓಡಾಡ್ತಾರೆ," ಎಂದು ಗದರಿದರು.

ಅದಾದ ಮೇಲೆ ನಾನು ಸರಿಯಾಗಿ ಎದ್ದಿಲ್ಲ. ಈಗ ನರ್ಸಿಂಗ್ ಹೋಮಿನ ಮೆಟ್ಟಿಲ ಕೆಳಗೆ, ತುಕ್ಕು ಹಿಡಿದ ತೂಕದ ಯಂತ್ರದ ಪಕ್ಕ ಇದ್ದೇನೆ. ಫ್ಯಾನು ತಿರುಗದಿದ್ದರೂ ಒಳಗಿನ ತಳಮಳ ನಿಂತಿಲ್ಲ. ಜನ ನಮ್ಮನ್ನು ಯಾಕೆ ಸಹಿಸುತ್ತಾರೆ ಎಂದು ಯೋಚಿಸುತ್ತಲೇ ಇರುತ್ತೇನೆ. ನಮ್ಮ ಮೇಲಿನ ಪ್ರೀತಿಗೇನೂ ಅಲ್ಲ. ನಮ್ಮ ಹೊಟ್ಟೆಯೊಳಗೆ ಏನಿದೆ ಎಂದು ಕಾಣದು, ಕಾಣದ್ದರ ತಪ್ಪನ್ನು ಒಳ್ಳೆಯವರು ತಮ್ಮ ಮೇಲೋ ತಮಗಿಂತ ಸಣ್ಣವರ ಮೇಲೋ ಹಾಕಿಬಿಡುತ್ತಾರೆ. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಕೌಂಟರಿಗೆ ಹೊಸ ಕಂಪ್ಯೂಟರು ಬಂದಿದೆ, ತೆಳ್ಳಗೆ, ಬೆಳ್ಳಗೆ. ನಿನ್ನೆ ಅದೂ ನಿಂತಿತು. ತಬಸ್ಸುಮ್ ಏನನ್ನುತ್ತಾಳೋ ಎಂದು ನಾನು ಕಿವಿ ನೆಟ್ಟಗೆ ಮಾಡಿಕೊಂಡೆ.

"ಥೂ, ಇದೂ ಅದರ ತಮ್ಮನೇ," ಎಂದು ಗಟ್ಟಿಯಾಗಿ ಬೈದಳು. ಆಮೇಲೆ ನಿಟ್ಟುಸಿರು ಬಿಟ್ಟು ಮತ್ತೆ ಆನ್ ಮಾಡಿದಳು.