ಆನೆ ನಕ್ಷೆ ಅಂತ ಬಂದ ಫೈಲು

ಕಾಫಿ ಹಣ್ಣಾಗುವ ಕಾಲ ಬಂತೆಂದರೆ ನಮ್ಮ ಕಡೆ ಬೆಳಗ್ಗೆ ಎದ್ದವರು ಕೇಳುವ ಮೊದಲ ಮಾತು ಒಂದೇ: "ಇವತ್ತು ಆನೆ ಎಲ್ಲೈತಂತೆ?" ಅದು ಗೊತ್ತಾಗದೆ ಹಣ್ಣು ಕೊಯ್ಯುವವರು ಎಸ್ಟೇಟಿನ ಲೈನ್ ಮನೆ ಬಿಟ್ಟು ಹೊರಡುವುದಿಲ್ಲ. ಮಕ್ಕಳನ್ನು ಸ್ಕೂಲ್ ಜೀಪಿನವರೆಗೆ ಒಂಟಿಯಾಗಿ ಯಾರೂ ಕಳಿಸುವುದಿಲ್ಲ.

ವನಗೂರಿನ ಆಚೆಯ ಇಳಿಜಾರಿನ ನಮ್ಮ ಊರಿನಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುತ್ತಿದ್ದವಳು ಸುಲೋಚನಮ್ಮ. ಐದೆಕರೆ ತೋಟದ ಪರಮಶಿವಯ್ಯನ ಹೆಂಡತಿ. ಅವರ ಮನೆ ತಗ್ಗಿನಲ್ಲಿತ್ತು. ಮನೆಯೊಳಗೆ ಮೊಬೈಲಿಗೆ ಟವರ್ ಸಿಗುತ್ತಿರಲಿಲ್ಲ. ಮಗಳು ಮಾನಸಾಳ ಓದಿಗೆಂದು ಒಂದು ಕಂಪ್ಯೂಟರ್ ಕೊಂಡು, ಕೇಬಲ್ ಇಂಟರ್ನೆಟ್ ಹಾಕಿಸಿದ್ದರು. ಮಗಳು ಹಾಸನದ ಹಾಸ್ಟೆಲಿಗೆ ಹೋದ ಮೇಲೆ ಸುಲೋಚನಮ್ಮ ನಿಧಾನವಾಗಿ ಅದರ ಮುಂದೆ ಕೂರುವುದನ್ನು ಕಲಿತಳು. ದಿನಾ ಬೆಳಗ್ಗೆ ಹಾಲು ಕಾಯಲು ಇಟ್ಟು ಬಂದು, ಆನೆ ಕಾವಲು ತಂಡದ ರವಿ ಕಳಿಸಿದ ಸುದ್ದಿ ನೋಡಿ, ಕಂಪ್ಯೂಟರಿನಿಂದಲೇ ಊರಿನ ವಾಟ್ಸಾಪ್ ಗುಂಪಿಗೆ ಬರೆಯುವಳು: "ಮೂರು ಆನೆ ಕೆರೆ ಹತ್ರ ಇವೆ. ಮೇಲಿನ ದಾರೀಲಿ ಬನ್ನಿ." ನಲವತ್ತು ಮನೆಯವರು ಅದನ್ನು ಓದಿಯೇ ಹೊಸ್ತಿಲು ದಾಟುವರು. ಎರಡು ವರ್ಷದಲ್ಲಿ ಅವಳ ಮಾತು ಒಂದು ದಿನವೂ ಸುಳ್ಳಾಗಿರಲಿಲ್ಲ.

ಒಂದು ಮಂಗಳವಾರ ಬೆಳಗ್ಗೆ ಗೊತ್ತಿಲ್ಲದ ನಂಬರಿನಿಂದ ಅವಳಿಗೊಂದು ಮೆಸೇಜ್ ಬಂತು. ಮೇಲ್ಗಡೆ ಸರ್ಕಾರಿ ಮುದ್ರೆಯಂಥ ಚಿತ್ರ. "ಆನೆಗಳು ಈಗ ಎಲ್ಲಿವೆ? ನಕ್ಷೆಯಲ್ಲೇ ನೋಡಿ. ಈ ಫೈಲನ್ನು ನಿಮ್ಮ ಕಂಪ್ಯೂಟರಿಗೆ ಹಾಕಿಕೊಳ್ಳಿ. ಇಂದೇ ಕೊನೆಯ ದಿನ."

ಹಿಂದಿನ ವಾರವಷ್ಟೇ ಹೊಂಗಡಹಳ್ಳದ ರಸ್ತೆಯಲ್ಲಿ ಒಂಟಿ ಆನೆಯೊಂದು ಬೈಕಿನವನನ್ನು ಅಟ್ಟಿಸಿಕೊಂಡು ಬಂದಿತ್ತು. ಅಂದಿನಿಂದ ಅವಳಿಗೆ ಜೀವದಲ್ಲಿ ಜೀವ ಇರಲಿಲ್ಲ. ನಕ್ಷೆಯೊಂದು ಸಿಕ್ಕಿಬಿಟ್ಟರೆ ಎಷ್ಟು ಮನೆಗೆ ಧೈರ್ಯ ಬಂದೀತು ಎಂದುಕೊಂಡು ಒತ್ತಿದಳು. ಕಂಪ್ಯೂಟರ್ ಕೆಂಪು ಪಟ್ಟಿ ತೋರಿಸಿತು. ಈ ಫೈಲಿನಿಂದ ಅಪಾಯವಾಗಬಹುದು ಎಂದಿತು. ಮೆಸೇಜಿನಲ್ಲಿ ಅದಕ್ಕೂ ಉಪಾಯ ಬರೆದಿತ್ತು: "ಎಚ್ಚರಿಕೆ ಬಂದರೆ ಆಂಟಿವೈರಸ್ ಆಫ್ ಮಾಡಿ ಮುಂದುವರಿಯಿರಿ." ಅವಳು ಹೇಳಿದಷ್ಟನ್ನೂ ಮಾಡಿದಳು. ನಕ್ಷೆ ಮಾತ್ರ ಬರಲಿಲ್ಲ. ಪರದೆ ಒಂದು ಗಳಿಗೆ ಕಪ್ಪಾಗಿ ಮತ್ತೆ ಮಾಮೂಲಿನಂತಾಯಿತು. ಹಾಲು ಉಕ್ಕಿದ ವಾಸನೆ ಬಂದು ಅವಳು ಎದ್ದು ಹೋದಳು.

ಮಧ್ಯಾಹ್ನ ಪಕ್ಕದ ಎಸ್ಟೇಟಿನ ಲೈನಿನಿಂದ ಹುಲಿಯಮ್ಮ ಬಂದಳು. ಹಣ್ಣು ಕೊಯ್ಯುವ ಹೆಂಗಸರನ್ನು ಕೂಡಿಸಿ ಕರೆದುಕೊಂಡು ಹೋಗುವವಳು ಅವಳೇ.

"ಸುಲೋಚನಕ್ಕ, ಅದೇನೋ ಆನೆ ನಕ್ಷೆ ಕಳ್ಸಿದ್ರಲ್ಲ, ಕುಟ್ಟಿ ಕುಟ್ಟಿ ಬೆರಳು ನೋಯ್ತಾ ಐತೆ. ನನ್ ಮೊಬೈಲ್ನಲ್ಲಿ ತೆರೀತಾನೇ ಇಲ್ಲ."

"ನಾನ್ಯಾವಾಗ ಕಳ್ಸ್ದೆ?"

"ಅಯ್ಯೋ, ಮರ್ತ್ಬುಟ್ರಾ? ನಿಮ್ ಹೆಸ್ರೇ ಐತೆ, ನೋಡಿ."

ಸುಲೋಚನಮ್ಮ ನೋಡಿದಳು. ಹೆಸರು ತನ್ನದೇ. 'ಎಲ್ಲರೂ ಹಾಕಿಕೊಳ್ಳಿ, ನಾನು ಹಾಕಿಕೊಂಡಿದ್ದೇನೆ' ಎಂಬ ಮಾತೂ ಇತ್ತು. ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ನಿಂತಳು. ಕೀಬೋರ್ಡಿನ ಮೇಲೆ ಯಾರ ಕೈಯೂ ಇರಲಿಲ್ಲ. ಆದರೂ ಅವಳ ಕಣ್ಣೆದುರಿಗೇ ಅವಳ ಹೆಸರಿನಲ್ಲಿ ಇನ್ನೊಂದು ಮೆಸೇಜ್ ಹೋಯಿತು. ಈ ಸಲ ಅವಳ ತವರಿನ ಗುಂಪಿಗೆ.

ಕಣದಲ್ಲಿ ಕಾಫಿ ಹರವುತ್ತಿದ್ದ ಪರಮಶಿವಯ್ಯನನ್ನು ಕೂಗಿ ಕರೆದಳು. ಅವನು ಕಾಲು ಒರೆಸಿಕೊಂಡು ಬಂದು ನೋಡಿ ನಕ್ಕ.

"ವೈರಸ್ಸು ಗಿರಸ್ಸು ಎಲ್ಲ ದೊಡ್ ದೊಡ್ ಆಫೀಸಿನೋರಿಗೆ ಕಣೆ. ನಮ್ಮದ್ರಲ್ಲಿ ಕದಿಯೋಕೇನೈತೆ? ಮೆಣಸಿನ ಬಳ್ಳಿ ಫೋಟೊನಾ? ಒಂದ್ಸಲ ಆಫ್ ಮಾಡಿ ಆನ್ ಮಾಡು, ಸರಿಹೋಗ್ತೈತೆ."

"ನಗ್ಬೇಡಿ ಕಣ್ರೀ. ನನ್ ಹೆಸ್ರಲ್ಲಿ ಯಾರೋ ಮಾತಾಡ್ತಾವ್ರೆ."

ಅವಳಿಗೆ ನೆನಪಾದವಳು ಶೃತಿ. ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವ ಹುಡುಗಿ; ಕಂಪ್ಯೂಟರ್ ವಿಷಯ ತಿಳಿದವಳು. ಟವರ್ ಸಿಗುವ ಒಂದೇ ಜಾಗವಾದ ಕಣದ ಮೇಲಿನ ಮೂಲೆಗೆ ಓಡಿ ಫೋನ್ ಮಾಡಿದಳು. ಅರ್ಧ ಕೇಳುವಷ್ಟರಲ್ಲೇ ಶೃತಿ ಎಂದಳು: "ಚಿಕ್ಕಮ್ಮ, ಮೊದ್ಲು ಕಂಪ್ಯೂಟರಿಗೆ ಹೋಗಿರೋ ಇಂಟರ್ನೆಟ್ ವೈರ್ ಕಿತ್ತಾಕಿ. ಆಮೇಲೆ ಕಂಪ್ಯೂಟರ್ ಇರೋ ಮನೆಗಳಿಗೆಲ್ಲ ನೀವೇ ಫೋನ್ ಮಾಡಿ ಹೇಳಿ, ಬರೀಬೇಡಿ. ನಾನು ಹೊರಟೆ."

ಸುಲೋಚನಮ್ಮ ಇಳಿದು ಬಂದು ವೈರ್ ಕಿತ್ತಳು. ಮತ್ತೆ ಕಣದ ಮೂಲೆಗೆ ಓಡಿದಳು. ಎಸ್ಟೇಟ್ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರ್ ದಯಾನಂದ ಫೋನ್ ಎತ್ತಿದ.

"ದಯಾನಂದ, ನಾನು ಕಳ್ಸಿದ್ ಫೈಲ್ ಒತ್ಬೇಡ ಮಾರಾಯ. ಅದು ನಂದಲ್ಲ."

"ಅಕ್ಕ, ಆಫೀಸ್ ಕಂಪ್ಯೂಟರಿಗೆ ಇಳಿಸ್ಕೊಂಡು ಇನ್ನೇನು ಒತ್ತೋಕೆ ಕೂತಿದ್ದೆ. ಬೇರೆಯೋರ್ ಕಳ್ಸಿದ್ರೆ ಮುಟ್ತಿರ್ಲಿಲ್ಲ. ನಿಮ್ ಹೆಸ್ರು ನೋಡಿ ಇಳಿಸ್ದೆ."

ಆ ಮಾತು ಅವಳಿಗೆ ಮುಳ್ಳಿನಂತೆ ನಾಟಿತು.

ಶೃತಿ ಬಂದು ಇಂಟರ್ನೆಟ್ ವೈರನ್ನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಮೊಬೈಲಿಗೂ ಅದರಿಂದಲೇ ಇಂಟರ್ನೆಟ್ ಕೊಟ್ಟಳು. ಸುಲೋಚನಮ್ಮನ ಮೊಬೈಲಿನಲ್ಲಿ ವಾಟ್ಸಾಪ್ ತೆರೆದು, ಬೇರೆ ಎಲ್ಲೆಲ್ಲಿ ಅದು ತೆರೆದಿದೆ ಎಂದು ತೋರಿಸುವ ಪಟ್ಟಿಯಿಂದ ಕಂಪ್ಯೂಟರನ್ನು ತೆಗೆದುಹಾಕಿದಳು. ಆರು ಅಂಕಿಯ ಗುಟ್ಟಿನ ಪಿನ್ ಹಾಕಿಸಿದಳು. ಇಮೇಲ್ ಪಾಸ್‌ವರ್ಡನ್ನೂ ಬದಲಿಸಿದಳು, ಅದನ್ನು ಹಾಳಾದ ಕಂಪ್ಯೂಟರಿನಲ್ಲಿ ಮುಟ್ಟದೆ ತನ್ನ ಲ್ಯಾಪ್‌ಟಾಪಿನಲ್ಲಿ ಮಾಡಿದಳು.

"ಮಾನಸಾ ಇದ್ರಲ್ಲಿ ಪಾಸ್‌ವರ್ಡ್ ಉಳಿಸಿ ಹೋಗಿದ್ಳಾ?"

"ಅವಳ ಕಾಲೇಜಿಂದು, ಬ್ಯಾಂಕಿಂದು, ಎಲ್ಲಕ್ಕೂ ಒಂದೇ. ಮರ್ತೋಗ್ತದೆ ಅಂತ."

"ಹಂಗಾದ್ರೆ ಅವಳಿಗೂ ಈಗ್ಲೇ ಹೇಳಿ. ಒಂದು ಬೀಗದ ಕೈ ಸಿಕ್ರೆ ಕಳ್ಳ ಎಲ್ಲಾ ಬಾಗ್ಲಿಗೂ ಹಾಕಿ ನೋಡ್ತಾನೆ."

ಪರಮಶಿವಯ್ಯ ಬಾಗಿಲಿಗೆ ಒರಗಿ ನಿಂತಿದ್ದ. "ಅಲ್ಲಮ್ಮ ಶೃತಿ, ಈ ಬೆಟ್ಟದ್ ಮೂಲೇಲಿರೋ ನಮ್ಮನ್ನ ಹುಡ್ಕೊಂಡು ಬರೋಕೆ ಅವ್ನಿಗೇನು ಬೇರೆ ಕೆಲ್ಸ ಇಲ್ವಾ?"

"ಚಿಕ್ಕಪ್ಪ, ಅವ್ನು ಮೆಸೇಜು ಸಾವಿರ ಕಡೆ ಎಸೀತಾನೆ. ನಮ್ ಕಡೆಯೋರು ಆನೆ ಅಂದ್ರೆ ಓದ್ದೆ ಬಿಡಲ್ಲ ಅಂತ ಅವ್ನಿಗೆ ಗೊತ್ತು. ಸಿಕ್ಕಿದ್ದು ಚಿಕ್ಕಮ್ಮನ ಮಾತು. ಇವ್ರು ಹೇಳಿದ್ರೆ ಊರು ಕೇಳ್ತೈತಲ್ಲ, ಅದಕ್ಕಿಂತ ಬೆಲೆ ಬಾಳೋದು ನಿಮ್ಮನೇಲಿ ಏನೈತೆ?"

ಪರಮಶಿವಯ್ಯ ಒಳಗೆ ಬಂದು ಕಂಪ್ಯೂಟರಿನ ಉಳಿದ ವೈರುಗಳನ್ನು ಬಿಚ್ಚತೊಡಗಿದ.

ಗುಂಪಿಗೆ ಸುಲೋಚನಮ್ಮ ತನ್ನ ದನಿಯಲ್ಲೇ ಹೇಳಿ ಕಳಿಸಿದಳು: ತಾನು ಮೋಸಹೋದೆ, ತನ್ನ ಹೆಸರಿನಲ್ಲಿ ಬಂದ ಫೈಲನ್ನು ಯಾರೂ ಮುಟ್ಟಬಾರದು, ತಾನು ಬರೆದದ್ದನ್ನು ಸದ್ಯಕ್ಕೆ ನಂಬಲೂ ಬಾರದು. ಹೇಳಿ ಮುಗಿಸಿ, ನಾಚಿಕೆಯಿಂದ ಮೊಬೈಲನ್ನು ಮಗುಚಿಟ್ಟಳು. ಶೃತಿ ಕಂಪ್ಯೂಟರನ್ನು ಪೂರ್ತಿ ಒರೆಸಿ ಹೊಸದಾಗಿ ಸಿದ್ಧಮಾಡಲು ಲೈಬ್ರರಿಗೆ ಕೊಂಡೊಯ್ದಳು. ಮಾನಸಾ ಚಿಕ್ಕವಳಿದ್ದಾಗಿನ ಫೋಟೊಗಳು ಅದರಲ್ಲೇ ಇದ್ದವು, ಬೇರೆಲ್ಲೂ ಇರಲಿಲ್ಲ. "ಉಳಿಸೋಕೆ ನೋಡ್ತೀನಿ ಚಿಕ್ಕಮ್ಮ. ಭರವಸೆ ಕೊಡಲ್ಲ," ಎಂದಳು.

ಮಾರನೆಯ ಬೆಳಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಕಂಪ್ಯೂಟರ್ ಇಲ್ಲದ್ದರಿಂದ ಸುಲೋಚನಮ್ಮ ಕಣದ ಮೂಲೆಗೆ ಹತ್ತಿ ನಿಂತಿದ್ದಳು. ರವಿಯ ದನಿ ಮೊಬೈಲಿಗೆ ಬಂತು: ಐದು ಆನೆ, ಜೊತೆಗೊಂದು ಮರಿ, ಎಸ್ಟೇಟಿನ ಸ್ಟೋರ್ ಹಿಂದೆ ನಿಂತಿವೆ. ಹುಲಿಯಮ್ಮನ ತಂಡ ದಿನಾ ನಡೆಯುವ ದಾರಿ ಅದೇ.

ಸುಲೋಚನಮ್ಮ ಗುಂಪಿಗೆ ಬರೆದಳು. ಯಾರೂ ಉತ್ತರಿಸಲಿಲ್ಲ. ನಂಬಬೇಡಿ ಎಂದು ಅವಳೇ ಹೇಳಿದ್ದಳಲ್ಲ. ಏಳು ಗಂಟೆಗೆ ಅವರು ಹೊರಡುತ್ತಾರೆ. ಮೊಬೈಲು ಏಳಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಅವಳು ಹುಲಿಯಮ್ಮನ ನಂಬರ್ ಒತ್ತಿದಳು. ಒಂದು ಸಲ ಮಾಡಿದಳು, ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ಮೂರನೆಯದಕ್ಕೆ ಹುಲಿಯಮ್ಮ ಸಿಕ್ಕಳು. ಹಿಂದೆ ಹೆಂಗಸರ ಮಾತು ಕೇಳುತ್ತಿತ್ತು. ಆಗಲೇ ಹೊರಟಿದ್ದಾರೆ.

"ಹುಲಿಯಮ್ಮ, ನಿಲ್ಲಿ. ಸ್ಟೋರ್ ಹಿಂದೆ ಆನೆ ಐತೆ."

"ಇದು ನೀವೇನಾ? ಇಲ್ಲಾ ನಿನ್ನೆಯೋನಾ?"

"ನಾನೇ ಕಣೆ ಹುಲಿಯಮ್ಮ."

"ಹಂಗಂತ ಅವ್ನೂ ಹೇಳ್ತಾನೆ. ನನ್ನತ್ರ ಇಸ್ಕೊಂಡು ಹೋಗಿದ್ದನ್ನ ಇನ್ನೂ ವಾಪಸ್ ಕೊಟ್ಟಿಲ್ವಲ್ಲ, ಏನದು ಹೇಳಿ."

ಆ ಭಯದಲ್ಲೂ ಸುಲೋಚನಮ್ಮನಿಗೆ ತಡೆಯಲಾಗಲಿಲ್ಲ. "ಹಪ್ಪಳ ಒಣಗ್ಸೋ ಚಾಪೆ. ಎರಡು ವರ್ಷ ಆಯ್ತು. ಈಗ್ಲೇ ಕೇಳ್ಬೇಕಿತ್ತಾ?"

"ಹಂಗಾದ್ರೆ ನೀವೇ ಸೈ," ಎಂದಳು ಹುಲಿಯಮ್ಮ. ಆಮೇಲೆ ಅವಳ ದನಿ ಹಿಂದಕ್ಕೆ ತಿರುಗಿತು: "ಏಯ್, ಎಲ್ರೂ ವಾಪಸ್ ನಡೀರಿ. ಸುಲೋಚನಕ್ಕ ಹೇಳ್ತಾವ್ರೆ."

ಎಂಟೂವರೆಗೆ ಆನೆಗಳು ಹಳ್ಳ ದಾಟಿ ಹೋದವು ಎಂದು ರವಿ ತಿಳಿಸಿದ. ಸುಲೋಚನಮ್ಮ ಅಲ್ಲಿಯವರೆಗೂ ಕಣದ ಮೂಲೆಯಲ್ಲೇ ನಿಂತಿದ್ದಳು. ಪರಮಶಿವಯ್ಯ ಲೋಟದಲ್ಲಿ ಕಾಫಿ ಹಿಡಿದು ಮೇಲೆ ಹತ್ತಿ ಬಂದ.

"ಕುಡಿ. ಆ ಕಂಪ್ಯೂಟರ್ ಬಂದ್ಮೇಲೆ ನಂಗೂ ಹೇಳ್ಕೊಡು," ಎಂದ. "ಕೆಂಪು ಪಟ್ಟಿ ಬಂದ್ರೆ ಏನ್ ಮಾಡ್ಬಾರ್ದು ಅನ್ನೋದನ್ನ ಮೊದ್ಲು."

ಈ ಹಾಳೆ ನಿಮ್ಮ ಕೈಗೆ ಬಂದಿದ್ದರೆ, ಮಡಚಿಡುವ ಮೊದಲು ನಿಮ್ಮ ಮನೆಯ ಕಂಪ್ಯೂಟರಿನ ಹತ್ತಿರ ಒಮ್ಮೆ ಹೋಗಿ. ಆಂಟಿವೈರಸ್ ಆನ್ ಇದೆಯೇ ನೋಡಿ; ಅದನ್ನು ಆಫ್ ಮಾಡಿ ಎನ್ನುವವರು ಯಾರೇ ಆಗಲಿ ನಿಮ್ಮ ಹಿತೈಷಿಗಳಲ್ಲ. ಅಪ್‌ಡೇಟ್ ಕೇಳಿದರೆ ನಾಳೆ ಎನ್ನದೆ ಮಾಡಿಬಿಡಿ. ಬೇರೆ ಬೇರೆ ಖಾತೆಗೆ ಬೇರೆ ಬೇರೆ ಪಾಸ್‌ವರ್ಡ್ ಇಡಿ, ಓಟಿಪಿಯನ್ನು ಯಾರಿಗೂ ಹೇಳಬೇಡಿ. ಮಕ್ಕಳ ಫೋಟೊ, ಮನೆಯ ಕಾಗದಪತ್ರಗಳ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಅದನ್ನು ಕಂಪ್ಯೂಟರಿನಿಂದ ಕಿತ್ತು ಬೀರುವಿನಲ್ಲಿಡಿ. ಸುಲೋಚನಮ್ಮನ ಫೋಟೊಗಳಲ್ಲಿ ಅರ್ಧ ಮಾತ್ರ ಉಳಿದವು. ಗೊತ್ತಿದ್ದವರ ಹೆಸರಿನಲ್ಲೇ ಫೈಲು ಬಂದರೂ ಒತ್ತುವ ಮೊದಲು ಫೋನ್ ಮಾಡಿ, ಅವರ ದನಿ ಕೇಳಿ. ದುಡ್ಡು ಹೋಗಿದ್ದರೆ ಗಳಿಗೆಯೂ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೋಸಹೋದೆ ಎಂದು ನಾಚಿಕೊಂಡು ಸುಮ್ಮನಿರಬೇಡಿ. ನೀವು ಬಾಯಿಬಿಟ್ಟು ಹೇಳಿದರೆ ಪಕ್ಕದ ಮನೆ ಉಳಿಯುತ್ತದೆ.