ಚೊಂಬಿನ ಅಳತೆ

ಎರಡು ದಿನದಿಂದ ಅನ್ನ ಮುದ್ದೆಯಾಗುತ್ತಿತ್ತು. ಇವತ್ತು ಮಧ್ಯಾಹ್ನ ಆಸ್ಪತ್ರೆಯ ಮ್ಯಾನೇಜರ್ ಊಟಕ್ಕೆ ಬರುವವರಿದ್ದರು. ಅವರಿಗೆ ರುಚಿಸಿದರೆ ಆಸ್ಪತ್ರೆಯ ಕ್ಯಾಂಟೀನು ಈ ಅತ್ತೆ-ಸೊಸೆಯ ಕೈಯಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ಬೇರೆಯವರ ಪಾಲು.

ಅತ್ತೆಯ ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಇಪ್ಪತ್ತೆಂಟು ವರ್ಷ ಈ ಒಲೆ ಆಳಿದವರು ಈಗ ಸ್ಟೂಲಿನ ಮೇಲೆ ಕೂತು ಬಾಯಲ್ಲೇ ಅಡುಗೆ ಮಾಡುತ್ತಿದ್ದರು.

“ನಿನ್ನೇದು ಅನ್ನ ಅಲ್ಲ ಕಣೇ, ಅಂಟು. ಪೋಸ್ಟರ್ ಅಂಟಿಸೋರನ್ನ ಕರಿ.”

“ನೀವು ಹೇಳಿದ ಹಾಗೇ ಹಾಕಿದ್ದು ಅತ್ತೆ,” ಎಂದಳು ಸೊಸೆ. “ನಾಲ್ಕು ಕಿಲೋ ಅಕ್ಕಿ, ಹತ್ತು ಚೊಂಬು ನೀರು. ಎರಡು ದಿನವೂ ನೀರು ಹೊಯ್ದಿದ್ದು ನಿಮ್ಮ ಕಿರಿಮಗ, ಎಣಿಸಿದ್ದು ನಾನು.”

ಹೇಳುತ್ತಲೇ ಚೊಂಬು ಎತ್ತಿಕೊಂಡಳು. ಹೆಬ್ಬೆರಳು ಜಾರಿತು. ಅದು ಕೂರುವ ಗುಂಡಿಯೇ ಇರಲಿಲ್ಲ.

“ಇದರ ನೆಗ್ಗು ಎಲ್ಲಿ ಹೋಯ್ತು?”

ಈರುಳ್ಳಿ ಸುಲಿಯುತ್ತಿದ್ದ ಮೈದುನ ಹಿಗ್ಗಿದ. “ಮೊನ್ನೆ ನಾನೇ ತೆಗೆಸಿದ್ದು ಅತ್ತಿಗೆ. ಪಾಲಿಷ್ ಬೇರೆ. ಹೊಸದರ ಹಾಗಿಲ್ವಾ?”

ಅತ್ತೆ ಚೊಂಬನ್ನು ದಿಟ್ಟಿಸಿದರು. ಕ್ಯಾಂಟೀನು ಶುರುವಾದ ವಾರವೇ ಎರಡು ವರ್ಷದ ಹಿರಿಮಗ ಅದನ್ನು ಮೆಟ್ಟಿಲ ಮೇಲಿಂದ ಎಸೆದು ನೆಗ್ಗಿಸಿದ್ದ. ಹತ್ತು ಚೊಂಬಿನ ಲೆಕ್ಕ ಹುಟ್ಟಿದ್ದು ಆ ನೆಗ್ಗಿನ ಮೇಲೆ; ಅದು ಹೋದದ್ದೇ ಚೊಂಬು ಹೆಚ್ಚು ನೀರು ಹಿಡಿಯುತ್ತಿತ್ತು. ಆ ಮಗ, ಸೊಸೆಯ ಗಂಡ, ತೀರಿಹೋಗಿ ವರ್ಷವಾಗಿತ್ತು.

“ಒಳ್ಳೇದು ಮಾಡೋಕೆ ಹೋಗಿ ಎಲ್ಲರ ಕೈಗೂ ಚೊಂಬು ಕೊಟ್ಟೆಯಲ್ಲೋ,” ಎಂದರು ಅತ್ತೆ. “ತಗೊಳ್ಳೇ ಆ ಕುಟ್ಟಾಣಿ. ನೆಗ್ಗಿದ್ದ ಜಾಗಕ್ಕೇ ಒಂದು ಕೊಡು.”

“ಬೇಡ ಅತ್ತೆ.”

ಅವಳು ಚೊಂಬು ತುಂಬಿದಳು. ಬಾಯಿಯವರೆಗೆ ಬಿಡದೆ ಕಂಠಕ್ಕೆ ನಿಲ್ಲಿಸಿ ಒಮ್ಮೆ ನೋಡಿ ಹಂಡೆಗೆ ಸುರಿದಳು. ಒಂದು. ಎರಡು. ಹತ್ತನೆಯದಕ್ಕೆ ನಿಲ್ಲಿಸಿ ಮುಚ್ಚಳ ಹಾಕಿದಳು. ಮತ್ತೆ ತೆಗೆದು ನೋಡಲಿಲ್ಲ.

“ಇಣುಕಿ ನೋಡೇ,” ಎಂದರು ಅತ್ತೆ.

“ಬೇಕಿಲ್ಲ.”

ಮ್ಯಾನೇಜರ್ ಮೊದಲು ಒಂದು ಅಗುಳನ್ನು ಬೆರಳಲ್ಲಿ ಹಿಸುಕಿದರು. ಆಮೇಲೆ ಸಾರು ಕಲಸಿ ಉಂಡರು. ತಟ್ಟೆ ಖಾಲಿಯಾದಾಗ ಮುಂದೆ ತಳ್ಳಿ, “ಇನ್ನೊಂಚೂರು ಅನ್ನ ಹಾಕಮ್ಮ,” ಎಂದರು. ಕೈ ತೊಳೆಯುವಾಗ ಅತ್ತೆಯ ಕಡೆ ತಿರುಗಿ, “ಬರೋ ವರ್ಷಾನೂ ನೀವೇ ನಡೆಸಿ,” ಎಂದು ಹೊರಟರು.

ಅತ್ತೆ ಎಡಗೈಯಲ್ಲಿ ಚೊಂಬು ತಿರುಗಿಸಿ, ನೆಗ್ಗಿದ್ದ ಜಾಗ ಸವರಿ, ಸೊಸೆಯತ್ತ ಚಾಚಿದರು.

“ಇಷ್ಟೆಲ್ಲ ಮಾಡಿದ್ರೂ ನನ್ನ ಕೈಗೆ ಚೊಂಬೇನಾ ಅತ್ತೆ?”

“ಹೂಂ. ಇನ್ಮೇಲೆ ಅಳತೆ ನಿಂದೇ.”